ಗುಲಾಬಿ ತೋಟದ ಮಾಟಗಾತಿ

ಎರಡನೇ ಕಂತಿನಲ್ಲಿ ಬಂದಳು, ಅದೇ ಕಂತಿನಲ್ಲಿ ಸತ್ತಳು. ಅವಳಿಗೆ ಮಾತಿಲ್ಲ, ಹಿನ್ನೆಲೆಯಿಲ್ಲ, ಅವಳಿಗಾಗಿ ಅಳುವವರೂ ಇಲ್ಲ. ಆದರೂ ಜಪಾನಿನ ‘ಮದೋಕಾ ಮ್ಯಾಜಿಕಾ’ ಅನಿಮೆಯ ದೊಡ್ಡ ಗುಟ್ಟು ಮೊದಲು ಬಯಲಾಗಿ ನಿಂತದ್ದು ಇವಳ ತೋಟದಲ್ಲಿ. ನೋಡಿದವರಿಗೆ ಅದು ಗೊತ್ತಾಗಲು ಇನ್ನೂ ಆರು ಕಂತು ಬೇಕಾಯಿತು!

ಮೊದಲ ಕಂತು. ಮಾಲ್‌ನ ಆ ಮಹಡಿಯಲ್ಲಿ ಅಂಗಡಿಗಳಿಲ್ಲ. ದುರಸ್ತಿಗೆಂದು ಮುಚ್ಚಿದ ಜಾಗ. ಅರೆಗತ್ತಲಲ್ಲಿ ಇಬ್ಬರು ಶಾಲಾ ಹುಡುಗಿಯರು ಓಡುತ್ತಿದ್ದಾರೆ. ಒಬ್ಬಳ ಎದೆಗೆ ಗಾಯಗೊಂಡ ಬಿಳಿ ಪ್ರಾಣಿಯೊಂದು ಅವುಚಿಕೊಂಡಿದೆ. ಹೊರಗೆ ಹೋಗುವ ಬಾಗಿಲು ಇಲ್ಲೇ ಎಲ್ಲೋ ಇರಬೇಕು.

ಬಾಗಿಲು ಸಿಗುವುದಿಲ್ಲ. ಗೋಡೆಗಳು ಕರಗುತ್ತವೆ. ಸಿಮೆಂಟಿನ ಕಂಬಗಳಿದ್ದಲ್ಲಿ ಕಾಗದ ಕತ್ತರಿಸಿ ಅಂಟಿಸಿದಂಥ ಚಿಟ್ಟೆಗಳು, ಮುಳ್ಳುತಂತಿ, ಹಳೆಯ ಪುಸ್ತಕದಿಂದ ಹರಿದು ತಂದಂಥ ಹೂಗಳು. ಅಲ್ಲಿಯವರೆಗೆ ನುಣ್ಣಗೆ ಬಿಡಿಸಿದ ಅನಿಮೆಯಾಗಿದ್ದದ್ದು ಒಮ್ಮೆಲೇ ಬೇರೆ ಯಾರದೋ ಕೈಯ ಚಿತ್ರವಾಗಿಬಿಡುತ್ತದೆ. ಸುತ್ತಲಿಂದ ಹತ್ತಿಯುಂಡೆಯಂಥ ತಲೆಗಳು ತೇಲಿಬರುತ್ತವೆ. ಒಂದೊಂದಕ್ಕೂ ಗಿರಿಜಾ ಮೀಸೆ. ಕೈಯಳತೆಯಲ್ಲಿ ಕತ್ತರಿಗಳ ಸದ್ದು. ಆ ಮೀಸೆಯವರು ಜರ್ಮನ್ ಭಾಷೆಯಲ್ಲಿ ಏನನ್ನೋ ಗುನುಗುತ್ತಿದ್ದಾರೆ.

ಅವರ ಮಾತಿನ ತಾತ್ಪರ್ಯ ಇಷ್ಟು: ಇವು ನಮಗೆ ಗುರುತಿಲ್ಲದ ಹೂಗಳು. ಕತ್ತರಿಸೋಣ. ಒಳ್ಳೆಯ ಗುಲಾಬಿ ರಾಣಿಗೆ, ಕೆಟ್ಟ ಹೂ ಗಿಲೊಟಿನ್‌ಗೆ.

ಗುರುತಿಲ್ಲದ ಆ ಹೂಗಳು ಬೇರೆ ಯಾರೂ ಅಲ್ಲ, ಮದೋಕಾ ಕನಾಮೆ ಮತ್ತು ಅವಳ ಗೆಳತಿ ಸಯಾಕಾ ಮಿಕಿ. ತೋಟದೊಳಗೆ ಕಳೆ ಹುಟ್ಟಿದೆ ಎಂದು ಆ ಮಾಲಿಗಳು ತಿಳಿದಿದ್ದಾರೆ. ತಮ್ಮ ಕೆಲಸ ತಾವು ಮಾಡಲು ಬಂದಿದ್ದಾರೆ. ಅವರು ಹೇಳುವ ರಾಣಿ ಮೊದಲ ಕಂತಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಅವಳೇ ಗೆರ್ಟ್ರೂಡ್.

ಕುರ್ಚಿ ಎಸೆದ ರಾಣಿ

ಮುಂದಿನ ವಾರ ಅವಳು ಸಿಕ್ಕಿದ್ದು ಪಾಳುಬಿದ್ದ ಕಟ್ಟಡವೊಂದರಲ್ಲಿ. ಮಾಮಿ ತೊಮೊಎ ಎಂಬ ಹಿರಿಯ ವಿದ್ಯಾರ್ಥಿನಿ ಮುಂದೆ, ಮದೋಕಾ ಮತ್ತು ಸಯಾಕಾ ಹಿಂದೆ. ಮಾಮಿ ‘ಮಾಂತ್ರಿಕ ಹುಡುಗಿ’. ಅವಳ ಅಂಗೈಯಲ್ಲಿ ಸೋಲ್ ಜೆಮ್ ಎಂಬ ಹೊಳೆಯುವ ರತ್ನ. ಮಾಟಗಾತಿ ಹತ್ತಿರವಾದಷ್ಟೂ ಅದರ ಬೆಳಕು ಹೆಚ್ಚುತ್ತದೆ.

ಕಟ್ಟಡದ ತುದಿಯಿಂದ ಆಫೀಸಿನ ಉಡುಪಿನಲ್ಲಿದ್ದ ಹೆಂಗಸೊಬ್ಬಳು ಕೆಳಗೆ ಹಾರುತ್ತಾಳೆ. ಮಾಮಿ ರಿಬ್ಬನ್ ಬೀಸಿ ನೆಲಕ್ಕೆ ತಾಗುವ ಮೊದಲೇ ಹಿಡಿಯುತ್ತಾಳೆ. ಆ ಹೆಂಗಸಿನ ಕುತ್ತಿಗೆಯ ಮೇಲೆ ಸಣ್ಣ ಮುದ್ರೆ ಮೂಡಿದೆ: ಮಾಟಗಾತಿಯ ಮುತ್ತಿನ ಗುರುತು. ಈ ಕಥೆಯ ಲೋಕದಲ್ಲಿ ಕಾರಣವಿಲ್ಲದೆ ಬದುಕು ಬೇಡವೆನಿಸಿದವರ ಮೈಮೇಲೆ ಇಂಥ ಗುರುತು ಇರುತ್ತದೆ.

ಒಳಗೆ ಹೋದರೆ ದೊಡ್ಡ ಅಂಗಳದಂಥ ಜಾಗ. ನಡುವೆ ಭಾರೀ ಕುರ್ಚಿ, ಅದರ ಮೇಲೆ ಅವಳು. ಹಸಿರು ಲೋಳೆ ಸುರಿಯುವ ತಲೆ, ತಲೆಗೆ ಅಂಟಿದ ಗುಲಾಬಿಗಳು, ಬೆನ್ನಿಗೆ ಚಿಟ್ಟೆಯ ರೆಕ್ಕೆ. ಸಯಾಕಾ ಮುಖ ಕಿವುಚುತ್ತಾಳೆ. ನೋಡುವ ನಾವೂ ಅಷ್ಟೆ.

ಮಾಮಿ ಒಳಗೆ ಜಿಗಿಯುತ್ತಾಳೆ. ಕಾಲ ಬಳಿ ಬಂದ ಪುಟ್ಟ ಕಿಂಕರನೊಬ್ಬನನ್ನು ಬೂಟಿನಲ್ಲಿ ಹೊಸಕಿ ಹಾಕುತ್ತಾಳೆ. ಅನಂತರ ಯುರೋಪಿನ ದೊರೆಸಾನಿಯರು ನಮಸ್ಕರಿಸುವ ಹಾಗೆ ಲಂಗದ ಅಂಚು ಹಿಡಿದು ಬಾಗುತ್ತಾಳೆ. ಲಂಗದೊಳಗಿಂದ ಎರಡು ಬಂದೂಕು ನೆಲಕ್ಕೆ ಬೀಳುತ್ತವೆ. ಗೆರ್ಟ್ರೂಡ್ ತಾನು ಕೂತಿದ್ದ ಕುರ್ಚಿಯನ್ನೇ ಎತ್ತಿ ಎಸೆಯುತ್ತಾಳೆ.

ಕಾಳಗ ಬೇಗ ಮುಗಿಯುತ್ತದೆ. ಕಿಂಕರರು ಹಗ್ಗದಂತೆ ಹೆಣೆದುಕೊಂಡು ಮಾಮಿಯನ್ನು ತಲೆಕೆಳಗಾಗಿ ತೂಗುಹಾಕುತ್ತಾರೆ. ಆದರೆ ಗುಂಡು ಹೊಕ್ಕ ನೆಲದ ತೂತುಗಳಿಂದ ಹಳದಿ ರಿಬ್ಬನ್‌ಗಳು ಮೊಳಕೆಯೊಡೆದು ಮಾಟಗಾತಿಯನ್ನೇ ಕಟ್ಟಿಹಾಕುತ್ತವೆ. ಮಾಮಿ ಕೈಯಲ್ಲಿ ಈಗ ಫಿರಂಗಿ. ‘ತೀರೊ ಫಿನಾಲೆ’ ಎಂದು ಕೂಗಿ ಹಾರಿಸುತ್ತಾಳೆ. ಗೆರ್ಟ್ರೂಡ್ ಚೂರುಚೂರು. ಕೆಳಗಿಳಿದ ಮಾಮಿಯ ಕೈಗೆ ಚಹಾ ಕಪ್ಪು ಬಂದಿದೆ. ಒಂದು ಗುಟುಕು ಹೀರುತ್ತಾಳೆ.

ಮದೋಕಾಳ ಕಣ್ಣರಳುತ್ತದೆ. ಎಷ್ಟು ಚೆಂದ, ಎಷ್ಟು ಧೈರ್ಯ, ನಾನೂ ಹೀಗಾಗಬೇಕು! 2011ರ ಜನವರಿ 14ರಂದು ಅದನ್ನು ನೋಡಿದವರಿಗೂ ಹಾಗೆಯೇ ಅನಿಸಿರಬೇಕು. ನಾನು ನೋಡಿದ್ದು ಬಹಳ ತಡವಾಗಿ, ನನಗೂ ಹಾಗೆಯೇ ಅನಿಸಿತು. ಗೆರ್ಟ್ರೂಡ್ ಯಾರು ಎಂಬ ಪ್ರಶ್ನೆ ಹತ್ತಿರವೂ ಸುಳಿಯಲಿಲ್ಲ.

ಏಪ್ರಿಲ್ ಕೊನೆಯ ರಾತ್ರಿ

ಏಪ್ರಿಲ್ 30ರ ರಾತ್ರಿ ಜರ್ಮನಿಯ ಹಾರ್ಜ್ ಬೆಟ್ಟಸಾಲಿನ ಬ್ರೊಕೆನ್ ಶಿಖರದಲ್ಲಿ ಮಾಟಗಾತಿಯರೆಲ್ಲ ಕೂಡುತ್ತಾರೆ ಎಂಬುದು ಅಲ್ಲಿನ ಹಳೆಯ ನಂಬಿಕೆ. ಆ ರಾತ್ರಿಗೆ ವಾಲ್‌ಪುರ್ಗಿಸ್ ರಾತ್ರಿ ಎಂದು ಹೆಸರು. ಜರ್ಮನ್ ಕವಿ ಗಯಟೆ 1808ರಲ್ಲಿ ಪ್ರಕಟಿಸಿದ ‘ಫೌಸ್ಟ್’ ನಾಟಕದ ಮೊದಲ ಭಾಗದಲ್ಲಿ ಅದೇ ರಾತ್ರಿಯ ಒಂದು ದೃಶ್ಯವಿದೆ. ‘ಮದೋಕಾ ಮ್ಯಾಜಿಕಾ’ದಲ್ಲಿ ಊರಿಗೆ ಊರನ್ನೇ ಮುಗಿಸಬಲ್ಲ ಮಹಾಮಾಟಗಾತಿಗೆ ಇಟ್ಟಿರುವ ಹೆಸರೂ ಅದೇ: ವಾಲ್‌ಪುರ್ಗಿಸ್‌ನಾಖ್ಟ್. ಈ ಹೆಸರನ್ನೇ ಹೊತ್ತ ಹೊಸ ಚಲನಚಿತ್ರವನ್ನು 2021ರಲ್ಲಿ ಘೋಷಿಸಲಾಯಿತು.

ವರ್ಷ ವರ್ಷವೂ ಈ ದಿನಗಳಲ್ಲಿ ಆ ದೊಡ್ಡವಳ ಬಗ್ಗೆ ಮಾತು ಏಳುತ್ತದೆ. ನಾನು ಸಣ್ಣವಳ ಬಗ್ಗೆ ಬರೆಯಲು ಕೂತಿದ್ದೇನೆ. ಸಣ್ಣವಳನ್ನು ಸರಿಯಾಗಿ ನೋಡದೆ ಈ ಕಥೆ ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ಜಪಾನಿನ ಟಿವಿಯಲ್ಲಿ ಮಾಂತ್ರಿಕ ಹುಡುಗಿಯರ ವಂಶ ದೊಡ್ಡದು. 1966ರಲ್ಲಿ ಬಂದ ‘ಸ್ಯಾಲಿ’ಯನ್ನು ಮೊದಲಿನವಳೆಂದು ಎಣಿಸುವುದು ರೂಢಿ. 1969ರಲ್ಲಿ ‘ಅಕ್ಕೊ ಚಾನ್’, 1992ರಲ್ಲಿ ‘ಸೈಲರ್ ಮೂನ್’, 1998ರಲ್ಲಿ ‘ಕಾರ್ಡ್‌ಕ್ಯಾಪ್ಟರ್ ಸಕುರಾ’, 2004ರಲ್ಲಿ ‘ಪ್ರಿಟಿ ಕ್ಯೂರ್’. ಸೈಲರ್ ಮೂನ್ ಕಾಲದಿಂದ ಒಂದು ಪದ್ಧತಿ ಗಟ್ಟಿಯಾಯಿತು. ಹುಡುಗಿ ವೇಷ ಬದಲಿಸುತ್ತಾಳೆ, ವಾರಕ್ಕೊಂದು ಭೂತ ಬರುತ್ತದೆ, ಕಂತು ಮುಗಿಯುವುದರೊಳಗೆ ಭೂತ ಪುಡಿಪುಡಿ. ಆ ಭೂತ ಎಲ್ಲಿಂದ ಬಂತು, ಅದರ ಮನೆ ಯಾವುದು ಎಂದು ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಗೆರ್ಟ್ರೂಡ್ ಅಂಥ ವಾರದ ಭೂತದ ಜಾಗದಲ್ಲೇ ಕೂತು ಬಂದವಳು. ಹಾಗೆ ಕೂರಿಸಿದವರಿಗೆ ತಾವು ಮಾಡುತ್ತಿರುವುದು ಏನೆಂದು ಚೆನ್ನಾಗಿ ಗೊತ್ತಿತ್ತು.

ಶಾಫ್ಟ್ ಸ್ಟುಡಿಯೊದ ಈ 12 ಕಂತುಗಳ ನಿರ್ದೇಶಕರು ಅಕಿಯುಕಿ ಶಿನ್ಬೊ. ಬರೆದವರು ಗೆನ್ ಉರೊಬುಚಿ. ಹುಡುಗಿಯರ ದುಂಡು ಮುಖಗಳು ಉಮೆ ಅವೊಕಿ ಅವರ ಕೈಯವು. ಸಂಗೀತ ಯುಕಿ ಕಾಜಿಯುರಾ ಅವರದು. ಮಾಟಗಾತಿಯರನ್ನೂ ಅವರ ಲೋಕಗಳನ್ನೂ ಕಟ್ಟಿದ್ದು ಮಾತ್ರ ‘ಗೆಕಿದಾನ್ ಇನು ಕರಿ’ ಎಂಬ ಇಬ್ಬರೇ ಕಲಾವಿದರ ಜೋಡಿ. ಕಾಗದದ ತುಂಡು, ಬಟ್ಟೆ, ಹಳೆಯ ಚಿತ್ರಗಳನ್ನು ಕತ್ತರಿಸಿ ಜೋಡಿಸಿ ಚಲಿಸುವಂತೆ ಮಾಡುವುದು ಅವರ ಶೈಲಿ. ರಷ್ಯಾ ಮತ್ತು ಚೆಕ್ ದೇಶದ ಹಳೆಯ ಬೊಂಬೆ ಅನಿಮೇಷನ್ ನೋಡಿದವರಿಗೆ ಆ ಬೇರು ಥಟ್ಟನೆ ತಿಳಿಯುತ್ತದೆ.

ಒಂದೇ ಪರದೆಯ ಮೇಲೆ ಎರಡು ಕೈಬರಹ. ಮುದ್ದಾದ ಹುಡುಗಿಯರು ಒಬ್ಬರ ಕೈಯಲ್ಲಿ, ಅವರು ಕೊಲ್ಲಬೇಕಾದವರು ಇನ್ನೊಬ್ಬರ ಕೈಯಲ್ಲಿ. ಈ ಎರಡು ಬರಹಗಳು ಬೇರೆ ಬೇರೆ ಲೋಕದವು ಎಂದು ನಮ್ಮ ಕಣ್ಣು ಮೊದಲ ನಿಮಿಷದಲ್ಲೇ ತೀರ್ಮಾನ ಮಾಡಿಬಿಡುತ್ತದೆ. ಮೋಸ ಹೋಗುವುದು ಅಲ್ಲಿಯೇ.

▪ ಅವಳ ಪರಿಚಯ ಚೀಟಿ
ಹೆಸರು: ಗೆರ್ಟ್ರೂಡ್, ಗುಲಾಬಿ ತೋಟದ ಮಾಟಗಾತಿ.
ಸ್ವಭಾವ: ಅಪನಂಬಿಕೆ.
ಪ್ರೀತಿ: ಗುಲಾಬಿ. ತನ್ನ ಶಕ್ತಿಯೆಲ್ಲ ಅದಕ್ಕೇ ಮೀಸಲು. ದಾರಿತಪ್ಪಿ ಬಂದವರ ಪ್ರಾಣ ಹೀರಿ ಗಿಡಗಳಿಗೆ ಹಂಚುತ್ತಾಳೆ.
ಸೇರದ್ದು: ತೋಟದೊಳಗೆ ಮನುಷ್ಯರ ಕಾಲ್ತುಳಿತ.
ಕಿಂಕರರು: ಆಂಟನಿ, ತೋಟದ ಕೆಲಸಕ್ಕೆ. ಆಡೆಲ್‌ಬರ್ಟ್, ಕಾವಲಿಗೆ.
ಕಾಣಿಸಿಕೊಂಡದ್ದು: ಕಿಂಕರರು ಮೊದಲ ಕಂತಿನಲ್ಲಿ, ಅವಳು ಎರಡನೆಯದರಲ್ಲಿ.

ಈ ಚೀಟಿಯಲ್ಲಿರುವ ಒಂದು ಸಂಗತಿಯನ್ನೂ ಕಂತಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾಮಿಗೆ ಅವಳ ಹೆಸರು ಗೊತ್ತಿಲ್ಲ. ಈ ವಿವರವೆಲ್ಲ ಒಟ್ಟಾಗಿ ಪ್ರಕಟವಾದದ್ದು ಅಧಿಕೃತ ಮಾಟಗಾತಿ ಪಟ್ಟಿಯಲ್ಲಿ. ಬೆರಳೆಣಿಕೆಯ ನಿಮಿಷ ಬದುಕುವ ಭೂತಕ್ಕೆ ಹೆಸರು, ಹವ್ಯಾಸ, ಸಿಟ್ಟು, ಆಳುಕಾಳು ಎಲ್ಲವನ್ನೂ ಕೊಟ್ಟು, ಅದನ್ನು ಕಥೆಯೊಳಗೆ ಹೇಳದೆ ಬಿಟ್ಟದ್ದೇಕೆ?

ಎಂಟನೇ ಕಂತು

ಉತ್ತರ ಬಂದದ್ದು ಎಂಟನೇ ಕಂತಿನ ಕೊನೆಯಲ್ಲಿ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಕ್ಯೂಬೇ ಎಂಬ ಬಿಳಿ ಪ್ರಾಣಿ ಹದಿಹರೆಯದ ಹುಡುಗಿಯರ ಬಳಿ ಬಂದು ಒಪ್ಪಂದ ಮಾಡಿಕೊಳ್ಳುತ್ತದೆ. ನಿನ್ನ ಒಂದು ಆಸೆ ಏನೇ ಇರಲಿ ಈಡೇರಿಸುತ್ತೇನೆ, ಬದಲಿಗೆ ನೀನು ಮಾಟಗಾತಿಯರ ವಿರುದ್ಧ ಹೋರಾಡಬೇಕು. ಫೌಸ್ಟ್ ನಾಟಕದಲ್ಲಿ ಪಿಶಾಚಿ ಮೆಫಿಸ್ಟೊಫೆಲಿಸ್ ಮುಂದಿಡುವ ಕರಾರಿನ ನೆರಳು ಇಲ್ಲಿದೆ. ಒಪ್ಪಿದವಳ ಆತ್ಮ ಮೈಯಿಂದ ಹೊರಬಂದು ಸೋಲ್ ಜೆಮ್‌ನಲ್ಲಿ ಸೇರಿಕೊಳ್ಳುತ್ತದೆ. ಈ ಭಾಗವನ್ನು ಕ್ಯೂಬೇ ತಾನಾಗಿ ಹೇಳುವುದಿಲ್ಲ. ಕೇಳಿದರೆ, ನೀವು ಕೇಳಲಿಲ್ಲವಲ್ಲ ಎನ್ನುತ್ತದೆ.

ಮಂತ್ರಶಕ್ತಿ ಬಳಸಿದಷ್ಟೂ, ಮನಸ್ಸು ಕುಸಿದಷ್ಟೂ ರತ್ನ ಕಪ್ಪಾಗುತ್ತದೆ. ಅದನ್ನು ಶುದ್ಧ ಮಾಡಲು ಸತ್ತ ಮಾಟಗಾತಿ ಬಿಟ್ಟುಹೋಗುವ ಗ್ರೀಫ್ ಸೀಡ್ ಬೇಕು. ರತ್ನ ಪೂರ್ತಿ ಕಪ್ಪಾದರೆ? ಎಂಟನೇ ಕಂತಿನಲ್ಲಿ, ಆ ಹೊತ್ತಿಗೆ ತಾನೂ ಮಾಂತ್ರಿಕ ಹುಡುಗಿಯಾಗಿದ್ದ ಸಯಾಕಾಳದು ಪೂರ್ತಿ ಕಪ್ಪಾಗುತ್ತದೆ. ರತ್ನ ಒಡೆದು ಗ್ರೀಫ್ ಸೀಡ್ ಆಗುತ್ತದೆ, ಅದರಿಂದ ಮಾಟಗಾತಿ ಹುಟ್ಟುತ್ತಾಳೆ.

ಅಂದರೆ ಮಾಟಗಾತಿಯರೆಲ್ಲ ಒಂದು ಕಾಲದ ಮಾಂತ್ರಿಕ ಹುಡುಗಿಯರು. ಭರವಸೆ ತುಂಬಿದ ಹುಡುಗಿ ಹತಾಶೆಗೆ ಬೀಳುವ ಆ ಕ್ಷಣದಲ್ಲಿ ಹೊಮ್ಮುವ ಶಕ್ತಿಯೇ ಕ್ಯೂಬೇಗೆ ಬೇಕಾದದ್ದು. ವಿಶ್ವದ ಶಕ್ತಿ ಕರಗಿಹೋಗದಂತೆ ತಡೆಯಲು ಅದನ್ನು ಬಳಸುತ್ತೇವೆ ಎಂದು ಒಂಬತ್ತನೇ ಕಂತಿನಲ್ಲಿ ಅದು ಲೆಕ್ಕ ಒಪ್ಪಿಸುತ್ತದೆ. ದನಿಯಲ್ಲಿ ಎಳ್ಳಷ್ಟೂ ಅಳುಕಿಲ್ಲ.

ಇಷ್ಟು ತಿಳಿದ ಮೇಲೆ ಎರಡನೇ ಕಂತಿಗೆ ಹಿಂದಿರುಗಿ. ಮಾಮಿ ಚಹಾ ಹೀರುವ ದೃಶ್ಯ ನೋಡಲು ಆಗುತ್ತದೆಯೇ? ನನಗೆ ಆಗಲಿಲ್ಲ.

ತೋಟದೊಳಗೆ ಇನ್ನೊಮ್ಮೆ

ಎರಡನೇ ಸಲ ನೋಡುವಾಗ ಗೆರ್ಟ್ರೂಡ್ ಬೇರೆಯವಳು. ಅವಳು ಯಾರ ಮೇಲೂ ದಂಡೆತ್ತಿ ಹೋದವಳಲ್ಲ. ತನ್ನ ತೋಟದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ಅಪರಿಚಿತರು ಬಾಗಿಲು ಮುರಿದು ಬರುತ್ತಾರೆ. ಬೂಟುಗಾಲಲ್ಲಿ ಅವಳ ಆಳನ್ನು ಹೊಸಕುತ್ತಾರೆ. ಅವಳು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ.

ಅವಳು ಮನುಷ್ಯರನ್ನು ಕೊಲ್ಲುತ್ತಾಳೆ ಎಂಬುದನ್ನು ನಾನು ಮರೆಸುತ್ತಿಲ್ಲ. ಕಟ್ಟಡದಿಂದ ಹಾರಿದ ಆ ಹೆಂಗಸು ಉಳಿದದ್ದು ಮಾಮಿಯಿಂದ. ಮಾಮಿ ಬಾರದಿದ್ದರೆ ಆ ಪ್ರಾಣ ಗುಲಾಬಿಗೆ ಗೊಬ್ಬರವಾಗುತ್ತಿತ್ತು. ಗೆರ್ಟ್ರೂಡಳನ್ನು ತಡೆಯಲೇಬೇಕಿತ್ತು. ಉರೊಬುಚಿ ಬರವಣಿಗೆಯ ಗಟ್ಟಿತನ ಇರುವುದೇ ಇಲ್ಲಿ. ಕೊಲ್ಲದೆ ವಿಧಿಯಿಲ್ಲ, ಕೊಂದರೆ ಸತ್ತವಳು ನಿಮ್ಮಂಥವಳೇ ಆದ ಒಬ್ಬ ಹುಡುಗಿ. ಈ ಎರಡರಲ್ಲಿ ಒಂದನ್ನು ಅವರು ಸಡಿಲ ಮಾಡಿದ್ದರೆ ಕಥೆ ಅಲ್ಲಿಗೇ ಬಿದ್ದುಹೋಗುತ್ತಿತ್ತು.

‘ಸ್ವಭಾವ: ಅಪನಂಬಿಕೆ’ ಎಂಬ ಸಾಲು ನನ್ನನ್ನು ಬಹಳ ಕಾಡಿದೆ. ಹುಟ್ಟಿನಿಂದ ಯಾರಿಗೂ ಅಪನಂಬಿಕೆ ಇರುವುದಿಲ್ಲ. ಯಾರನ್ನೋ ನಂಬಿ ಕೆಟ್ಟ ಮೇಲೆ ಅದು ಬರುತ್ತದೆ. ಈ ಹುಡುಗಿ ಯಾರನ್ನು ನಂಬಿದ್ದಳು? ಕ್ಯೂಬೇಯನ್ನು ಎಂದು ಹೇಳಿಬಿಡುವುದು ಸುಲಭ, ಎಲ್ಲ ಮಾಟಗಾತಿಯರೂ ನಂಬಿ ಕೆಟ್ಟದ್ದು ಅದನ್ನೇ. ಆದರೆ ಎಲ್ಲರ ಸ್ವಭಾವ ಅಪನಂಬಿಕೆಯಲ್ಲ. ಇವಳಿಗೆ ಮನುಷ್ಯರ ಕಡೆಯಿಂದಲೇ ಏನೋ ಪೆಟ್ಟು ಬಿದ್ದಿದೆ. ಆಮೇಲೆ ಅವಳು ನಂಬಿದ್ದು ಮಾತಾಡದ, ಎದ್ದು ಹೋಗದ ಗಿಡಗಳನ್ನು. ಇದು ನನ್ನ ಓದು. ಕಥೆ ಇದನ್ನು ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ.

ಗೆರ್ಟ್ರೂಡ್ ಎಂಬುದು ಆ ಹುಡುಗಿಯ ಹೆಸರೂ ಅಲ್ಲ. ಮಾಟಗಾತಿಯಾದ ಸಯಾಕಾಳ ಹೆಸರು ಒಕ್ತಾವಿಯಾ ಫಾನ್ ಸೆಕೆನ್‌ಡಾರ್ಫ್. ಹಳೆಯ ಹೆಸರಿನ ಗುರುತೇ ಹೊಸದರಲ್ಲಿ ಉಳಿಯುವುದಿಲ್ಲ. ಜರ್ಮನ್ ಹೆಸರು ಹೊತ್ತವಳು ಜರ್ಮನಿಯವಳೇ ಆಗಬೇಕಿಲ್ಲ. ಮಿತಾಕಿಹಾರಾ ಊರಿನ ಯಾವುದೋ ಶಾಲೆಯಲ್ಲಿ ಓದುತ್ತಿದ್ದವಳಿರಬಹುದು. ನೂರಾರು ವರ್ಷ ಹಿಂದಿನವಳೂ ಇರಬಹುದು. ಕ್ಲಿಯೋಪಾತ್ರ, ಜಪಾನಿನ ರಾಣಿ ಹಿಮಿಕೊ, ಜೋನ್ ಆಫ್ ಆರ್ಕ್ ಅವರಂಥವರೂ ತನ್ನ ಒಪ್ಪಂದಕ್ಕೆ ಒಳಪಟ್ಟಿದ್ದರೆಂದು ಕ್ಯೂಬೇ 11ನೇ ಕಂತಿನಲ್ಲಿ ತೋರಿಸುತ್ತದಲ್ಲ.

ಒಕ್ತಾವಿಯಾಗೆ ಸಿಕ್ಕಿ ಗೆರ್ಟ್ರೂಡ್‌ಗೆ ಸಿಗದ್ದು ಒಂದಿದೆ. ಒಂಬತ್ತನೇ ಕಂತಿನಲ್ಲಿ ಕ್ಯೋಕೊ ಸಕುರಾ ಎಂಬ ಇನ್ನೊಬ್ಬ ಮಾಂತ್ರಿಕ ಹುಡುಗಿ ಆ ಮಾಟಗಾತಿಯ ಎದುರು ನಿಂತು, ಏಟು ತಿನ್ನುತ್ತಲೇ, ಅವಳೊಳಗಿನ ಸಯಾಕಾಳಿಗೆ ಕೇಳಲಿ ಎಂದು ಮದೋಕಾಳಿಂದ ಹೆಸರು ಹಿಡಿದು ಕರೆಸುತ್ತಾಳೆ. ಕೇಳುವುದಿಲ್ಲ. ಕೊನೆಗೆ ಇಬ್ಬರೂ ಒಟ್ಟಿಗೆ ಸಾಯುತ್ತಾರೆ. ಕರೆಯಲು ಒಬ್ಬರಾದರೂ ಇದ್ದರು. ಗೆರ್ಟ್ರೂಡ್ ಸಾಯುವಾಗ ಅವಳ ನಿಜವಾದ ಹೆಸರು ಗೊತ್ತಿದ್ದವರು ಆ ತೋಟದಲ್ಲಿ ಒಬ್ಬರೂ ಇರಲಿಲ್ಲ.

▪ ಗೋಡೆಯ ಮೇಲಿನ ಅಕ್ಷರ
ಮಾಟಗಾತಿಯರ ಲೋಕದಲ್ಲಿ ವಿಚಿತ್ರ ಲಿಪಿಯೊಂದು ಕಾಣುತ್ತದೆ. ಮೊದಲಿಗೆ ಬರೀ ಅಲಂಕಾರ ಎಂದುಕೊಂಡರು. ಕೆಲವು ಅಭಿಮಾನಿಗಳು ಚಿತ್ರ ನಿಲ್ಲಿಸಿ, ಅಕ್ಷರ ಎಣಿಸಿ, ಒಂದೊಂದು ಗುರುತಿಗೂ ಒಂದು ರೋಮನ್ ಅಕ್ಷರ ಹೊಂದಿಸುತ್ತ ಹೋದರು. ಬಂದದ್ದು ಬಹುಪಾಲು ಜರ್ಮನ್ ಭಾಷೆ. ಗೆರ್ಟ್ರೂಡ್ ಹೆಸರು ಹಾಗೆ ಪರದೆಯ ಮೇಲೇ ಇತ್ತು. ಗೋಡೆಗಳಲ್ಲಿ ಫೌಸ್ಟ್ ನಾಟಕದ ಸಾಲುಗಳೂ ಸಿಕ್ಕವು. ಆತ್ಮ ಮಾರಿಕೊಳ್ಳುವ ಕರಾರಿನ ಕಥೆ ಇದು ಎಂಬ ಸುಳಿವನ್ನು ಗುಟ್ಟು ಬಿಚ್ಚುವ ಮೊದಲೇ ಗೋಡೆಗೆ ಬರೆದು ಇಟ್ಟಿದ್ದರು.

ಒಂದು ತೊಡಕು

ಇಷ್ಟು ಹೇಳಿದ ಮೇಲೆ ಒಂದು ತೊಡಕನ್ನೂ ಹೇಳಬೇಕು. ಕಿಂಕರರು ನಾಲ್ಕೈದು ಜನರನ್ನು ತಿಂದರೆ ತಾವೇ ಮಾಟಗಾತಿಯಾಗಿ ಬೆಳೆಯುತ್ತಾರೆ ಎಂದು ಐದನೇ ಕಂತಿನಲ್ಲಿ ಕ್ಯೋಕೊ ಹೇಳುತ್ತಾಳೆ. ಹಾಗಾದರೆ ಮಾಮಿ ಕೊಂದದ್ದು ಮೂಲ ಗೆರ್ಟ್ರೂಡಳನ್ನೋ, ಅವಳ ಯಾವನೋ ಮಾಲಿ ಬೆಳೆದು ಅವಳ ರೂಪ ಹೊತ್ತು ನಿಂತದ್ದನ್ನೋ?

ಕಥೆಯೊಳಗೆ ಇದಕ್ಕೆ ತೀರ್ಪಿಲ್ಲ. ಕೆಲವು ಅಭಿಮಾನಿಗಳು ಇದನ್ನು ಹಿಡಿದುಕೊಂಡು, ಹಾಗಾದರೆ ಅಲ್ಲಿ ಸತ್ತದ್ದು ಹುಡುಗಿಯಲ್ಲ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ನನಗೆ ಇದರಿಂದ ಸಮಾಧಾನವಿಲ್ಲ. ಮಾಲಿ ಬೆಳೆದರೂ ಅದೇ ತೋಟ, ಅದೇ ಗುಲಾಬಿಯ ಹಂಬಲ, ಅದೇ ಅಪನಂಬಿಕೆ. ಆ ಹುಡುಗಿಯ ಸಂಕಟ ಅವಳಿಲ್ಲದೆಯೂ ಪ್ರತಿ ಮಾಡಿಕೊಳ್ಳುತ್ತ ಹೋಗುತ್ತದೆ ಎಂದರೆ ಅದು ಇನ್ನೂ ಭೀಕರ.

ಕ್ಯೋಕೊ ಈ ಮಾತನ್ನು ಹೇಳುವುದು ವ್ಯಾಪಾರದ ದನಿಯಲ್ಲಿ. ಕಿಂಕರರನ್ನು ಕೊಂದರೆ ಗ್ರೀಫ್ ಸೀಡ್ ಸಿಗುವುದಿಲ್ಲ, ಕಾಯಬೇಕು, ಬೆಳೆಯಲು ಬಿಡಬೇಕು. ಬಿಟ್ಟರೆ ನಾಲ್ಕೈದು ಜನ ಸಾಯುತ್ತಾರೆ, ಸಾಯಲಿ. ಮಾಮಿ ಹಾಗಲ್ಲ. ಬೀಜ ಸಿಗದ ಕಿಂಕರರನ್ನೂ ಹುಡುಕಿ ಹೊಡೆಯುವವಳು.

ಮಾಮಿಯ ಪಾಲು

ಗೆರ್ಟ್ರೂಡ್ ಚೂರಾದ ಮೇಲೆ ನೆಲದ ಮೇಲೆ ಒಂದು ಕಪ್ಪು ಬೀಜ ಉಳಿಯುತ್ತದೆ. ಮಾಮಿ ಅದನ್ನು ಎತ್ತಿ ತನ್ನ ರತ್ನಕ್ಕೆ ತಾಗಿಸಿ ಕಲ್ಮಷ ತೆಗೆಯುತ್ತಾಳೆ. ಇನ್ನೊಂದು ಸಲಕ್ಕೆ ಆಗುವಷ್ಟು ಇದರಲ್ಲಿ ಬಾಕಿ ಇದೆ ಎಂದು ಕತ್ತಲಲ್ಲಿ ನಿಂತಿದ್ದ ಮತ್ತೊಬ್ಬ ಮಾಂತ್ರಿಕ ಹುಡುಗಿ ಹೋಮುರಾ ಅಕೆಮಿಯ ಕಡೆ ಎಸೆಯುತ್ತಾಳೆ. ಹೋಮುರಾ ಅದನ್ನು ಹಿಡಿದು, ಬೇಡವೆಂದು ವಾಪಸ್ ಎಸೆಯುತ್ತಾಳೆ.

ಮೊದಲ ಸಲ ನೋಡುವಾಗ ಇದು ಇಬ್ಬರು ಹುಡುಗಿಯರ ಜಂಬದ ಜಟಾಪಟಿ. ಮಾಮಿ ಉದಾರಿ, ಹೋಮುರಾ ಸೊಕ್ಕಿನವಳು. ಎರಡನೇ ಸಲ ಬೇರೆಯದೇ ಕಾಣುತ್ತದೆ. ಹೋಮುರಾ ಕಾಲವನ್ನು ಹಿಂದೆ ತಿರುಗಿಸಿ ಬಂದವಳು, ಆ ಬೀಜ ಏನೆಂದು ಗೊತ್ತಿರುವ ಒಬ್ಬಳೇ ಹುಡುಗಿ. ಆ ಕತ್ತಲಲ್ಲಿ ಚೆಂಡಿನಂತೆ ಅತ್ತಿಂದಿತ್ತ ಹಾರಿದ್ದು ಒಬ್ಬಳ ಆತ್ಮದ ಕೊನೆಯ ಕರಟ. ದೃಶ್ಯದಲ್ಲಿ ಒಂದು ಚೌಕಟ್ಟೂ ಬದಲಾಗಿಲ್ಲ.

ಮಾಮಿಯ ಆಸೆ ಏನಿತ್ತು? ಕಾರು ಅಪಘಾತದಲ್ಲಿ ಸಾಯುತ್ತ ಬಿದ್ದಿದ್ದವಳು ಬದುಕಬೇಕೆಂದು ಕೇಳಿದಳು, ಅಷ್ಟೆ. ಅಪ್ಪ ಅಮ್ಮ ಉಳಿಯಲಿಲ್ಲ. ಒಂಟಿ ಫ್ಲ್ಯಾಟು, ಒಂಟಿ ಹೋರಾಟ. ಚಹಾ, ಕೇಕು, ಲಂಗ ಹಿಡಿದು ಬಾಗುವ ಆ ಠೀವಿ ಎಲ್ಲ ಭಯವನ್ನು ಮುಚ್ಚಿಡುವ ಹೊದಿಕೆ. ಗೆರ್ಟ್ರೂಡಳನ್ನು ಕೊಂದ ಮುಂದಿನ ವಾರವೇ, ಮೂರನೇ ಕಂತಿನಲ್ಲಿ, ಸಿಹಿತಿಂಡಿಯ ಮಾಟಗಾತಿ ಶಾರ್ಲೊಟೆ ಅವಳನ್ನು ತಿಂದುಹಾಕುತ್ತಾಳೆ. ತಾನು ಕೊಂದವಳು ಯಾರೆಂದು ತಿಳಿಯದೆಯೇ ಮಾಮಿ ಹೋದಳು.

ತಿಳಿದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಹತ್ತನೇ ಕಂತಿನಲ್ಲಿದೆ. ಹೋಮುರಾ ಕಂಡ ಇನ್ನೊಂದು ಕಾಲಧಾರೆಯಲ್ಲಿ ಮಾಮಿ ಬದುಕಿದ್ದು ಸಯಾಕಾ ಮಾಟಗಾತಿಯಾಗುವುದನ್ನು ಕಣ್ಣಾರೆ ನೋಡುತ್ತಾಳೆ. ನಮ್ಮ ರತ್ನಗಳೇ ಮಾಟಗಾತಿಯರನ್ನು ಹೆರುವುದಾದರೆ ನಾವೆಲ್ಲ ಸಾಯುವುದೊಂದೇ ದಾರಿ ಎಂದು ಅಳುತ್ತ ಕ್ಯೋಕೊಳ ರತ್ನಕ್ಕೆ ಗುಂಡು ಹಾರಿಸುತ್ತಾಳೆ. ಸರಣಿಯಲ್ಲಿ ನನಗೆ ಅತಿ ಕಷ್ಟವಾಗುವ ದೃಶ್ಯ ಅದು. ಆ ಕ್ಷಣ ಮಾಮಿಯ ತಲೆಯಲ್ಲಿ ತಾನು ಈವರೆಗೆ ಚಹಾ ಕುಡಿಯುತ್ತ ಮುಗಿಸಿದವರೆಲ್ಲ ಸಾಲಾಗಿ ನಿಂತಿರಬೇಕು. ಗೆರ್ಟ್ರೂಡಳಂಥವರು ಎಷ್ಟು ಮಂದಿಯೋ!

ಆಟದೊಳಗೆ

ಪರದೆಯ ಮೇಲೆ ಸುಮ್ಮನೆ ನೋಡುವುದು ಬೇರೆ, ಕೈಯಾರೆ ಗುಂಡಿ ಒತ್ತಿ ಕೊಲ್ಲುವುದು ಬೇರೆ. 2012ರ ಮಾರ್ಚ್ 15ರಂದು ಜಪಾನಿನಲ್ಲಿ ಪಿಎಸ್‌ಪಿ ಯಂತ್ರಕ್ಕೆ ‘ಮದೋಕಾ ಮ್ಯಾಜಿಕಾ ಪೋರ್ಟಬಲ್’ ಆಟ ಬಂತು. ಮಾಟಗಾತಿಯರ ಚಕ್ರವ್ಯೂಹದೊಳಗೆ ಹೆಜ್ಜೆ ಹೆಜ್ಜೆಯಾಗಿ ನುಗ್ಗುತ್ತ ಹೋಗುವ ಆಟ.

ಅದರ ದೊಡ್ಡ ಪೆಟ್ಟು ಎಂದರೆ ಆಟಗಾರನ ಆಯ್ಕೆ ತಪ್ಪಿದರೆ ಅನಿಮೆಯಲ್ಲಿ ಮಾಟಗಾತಿಯಾಗದ ಹುಡುಗಿಯರೂ ಇಲ್ಲಿ ಮಾಟಗಾತಿಯಾಗುತ್ತಾರೆ. ಮಾಮಿ ‘ಕಾಂದೆಲೋರೊ’ ಆಗುತ್ತಾಳೆ. ಅವಳ ಸ್ವಭಾವ: ಆಹ್ವಾನ. ಮನೆಗೆ ಯಾರಾದರೂ ಬರಲಿ ಎಂದು ಕಾಯುವವಳು. ಕ್ಯೋಕೊ ‘ಒಫೀಲಿಯಾ’. ಗೆರ್ಟ್ರೂಡಳದು ಯಾರೂ ತೋಟಕ್ಕೆ ಬರಬಾರದೆಂಬ ಹಟ, ಮಾಮಿಯದು ಯಾರಾದರೂ ಬರಲೆಂಬ ಆಸೆ. ಗೆರ್ಟ್ರೂಡ್ ಮತ್ತು ಮಾಮಿಯನ್ನು ಎದುರುಬದುರು ನಿಲ್ಲಿಸಿದ ಎರಡನೇ ಕಂತು ಆಟ ಆಡಿದ ಮೇಲೆ ಹೀಗೆ ಮತ್ತೊಂದು ಅರ್ಥ ಪಡೆಯುತ್ತದೆ. ಒಂಟಿತನ ಇಬ್ಬರದೂ. ಅದನ್ನು ತಾಳಿಕೊಂಡ ರೀತಿ ಬೇರೆ.

ಆಮೇಲೆ ಮೊಬೈಲ್ ಕಾಲ ಬಂತು. ‘ಮ್ಯಾಗಿಯಾ ರೆಕಾರ್ಡ್’ 2017ರ ಆಗಸ್ಟ್‌ನಲ್ಲಿ ಶುರುವಾಗಿ 2024ರ ಜುಲೈ ಕೊನೆಗೆ ಜಪಾನಿನಲ್ಲಿ ನಿಂತಿತು. ಅದರ ಅನಿಮೆ ರೂಪವನ್ನು ನಿರ್ದೇಶಿಸಲು ಇನು ಕರಿ ಜೋಡಿಯ ದೊರೊಇನು ಅವರೇ ಮುಂದೆ ಬಂದರು. ಮಾಟಗಾತಿಯರ ಮನೆ ಕಟ್ಟಿದ ಕಲಾವಿದರಿಗೆ ಇಡೀ ಕಥೆಯ ಯಜಮಾನಿಕೆ ಸಿಕ್ಕಿದ್ದು ನನಗೆ ಖುಷಿ ಕೊಟ್ಟ ಸಂಗತಿ. 2025ರ ಮಾರ್ಚ್‌ನಲ್ಲಿ ‘ಮ್ಯಾಗಿಯಾ ಎಕ್ಸೆಡ್ರಾ’ ಬಂತು.

▪ ಇನ್ನೂ ಇಬ್ಬರು
ಶಾರ್ಲೊಟೆ, ಸಿಹಿತಿಂಡಿಯ ಮಾಟಗಾತಿ. ಸ್ವಭಾವ: ಬಿಡದ ಹಟ. ಯಾವ ತಿನಿಸನ್ನಾದರೂ ಸೃಷ್ಟಿಸಬಲ್ಲಳು, ತನಗೆ ಪ್ರಾಣವಾದ ಚೀಸ್ ಒಂದನ್ನು ಬಿಟ್ಟು.
ಎಲ್ಸಾ ಮರಿಯಾ, ನೆರಳಿನ ಮಾಟಗಾತಿ. ಏಳನೇ ಕಂತಿನಲ್ಲಿ ಬರುತ್ತಾಳೆ. ಸ್ವಭಾವ: ತಾನೇ ಸರಿ ಎಂಬ ಭಾವ. ಸದಾ ಪ್ರಾರ್ಥನೆಯ ಭಂಗಿ.

ಕೊನೆಯ ಕಂತು, ಆಮೇಲೆ

2011ರ ಮಾರ್ಚ್ 11ರಂದು ಜಪಾನಿನಲ್ಲಿ ಮಹಾಭೂಕಂಪ, ಸುನಾಮಿ. ಉಳಿದಿದ್ದ ಕಂತುಗಳ ಪ್ರಸಾರ ನಿಂತಿತು. ಕೊನೆಯ ಎರಡನ್ನು ಏಪ್ರಿಲ್ 22ರ ಬೆಳಗಿನ ಜಾವ ಒಟ್ಟಿಗೆ ತೋರಿಸಿದರು. ಊರಿಗೇ ಊರು ಕೊಚ್ಚಿಹೋದದ್ದನ್ನು ಕಂಡ ಜನ, ಊರನ್ನು ಮುಳುಗಿಸುವ ವಾಲ್‌ಪುರ್ಗಿಸ್‌ನಾಖ್ಟ್ ದೃಶ್ಯ ನೋಡಿದರು. ಅದೇ ವರ್ಷ ಸರಣಿಗೆ ಜಪಾನ್ ಮಾಧ್ಯಮ ಕಲೆಗಳ ಉತ್ಸವದಲ್ಲಿ ಅನಿಮೇಷನ್ ವಿಭಾಗದ ಮಹಾಪ್ರಶಸ್ತಿ ಬಂತು.

ಆ ಕೊನೆಯ ಕಂತಿನಲ್ಲಿ ಮದೋಕಾ ಕೊನೆಗೂ ತನ್ನ ಆಸೆ ಹೇಳುತ್ತಾಳೆ. ಎಲ್ಲ ಕಾಲದ, ಎಲ್ಲ ಲೋಕದ ಮಾಟಗಾತಿಯರನ್ನೂ ಅವರು ಹುಟ್ಟುವ ಮೊದಲೇ ತನ್ನ ಕೈಯಾರೆ ಅಳಿಸಬೇಕು. ರತ್ನ ಕಪ್ಪಾಗುತ್ತಿರುವ ಒಬ್ಬೊಬ್ಬ ಹುಡುಗಿಯ ಬಳಿಗೂ ಹೋಗಿ ಆ ಕಪ್ಪನ್ನು ತಾನು ಹೊರುತ್ತಾಳೆ. ಹಾಗೆ ಲೆಕ್ಕ ಹಾಕಿದರೆ ಗುಲಾಬಿಯ ಹುಡುಗಿಯ ಬಳಿಗೂ ಅವಳು ಹೋಗಿರಲೇಬೇಕು. ಬೇರೆ ಬೇರೆ ದೇಶದ, ಕಾಲದ ಹುಡುಗಿಯರ ಮುಖಗಳು ಪರದೆಯ ಮೇಲೆ ಹಾದುಹೋಗುತ್ತವೆ. ಯಾವುದು ಯಾರದೆಂದು ಹೆಸರಿಲ್ಲ. ಮಾಮಿಯನ್ನು ತಿಂದ ಶಾರ್ಲೊಟೆಗಾದರೂ 2013ರ ‘ರೆಬೆಲಿಯನ್’ ಚಿತ್ರದಲ್ಲಿ ಮನುಷ್ಯರೂಪ ಬಂತು. ಚೀಸ್ ತಿನ್ನಬೇಕೆಂಬ ಹಂಬಲದ ಪುಟ್ಟ ಹುಡುಗಿ ನಾಗಿಸಾ ಮೊಮೊಎ ಅವಳು. ಮಾಮಿಯೂ ಅವಳೂ ಆ ಚಿತ್ರದಲ್ಲಿ ಒಂದೇ ಮನೆಯವರಂತೆ ಇದ್ದಾರೆ.

ನಾಗಿಸಾ ಬಂದಾಗ ನಾನು ಸಂತೋಷಪಟ್ಟೆ. ಗೆರ್ಟ್ರೂಡ್‌ಗೂ ಹೀಗೊಂದು ಮುಖ, ಒಂದು ಹೆಸರು, ಈಡೇರಿದ ಆಸೆಯ ಕಥೆ ಬೇಕೆಂದು ಕೇಳುವ ಅಭಿಮಾನಿಗಳಿದ್ದಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಆ ಮನವಿಗೆ ನಾನು ಸಹಿ ಹಾಕುವುದಿಲ್ಲ. ಒಬ್ಬಳ ಕಥೆ ಗೊತ್ತಾದರೆ ಅವಳಿಗಾಗಿ ಮರುಗುವುದು ಸುಲಭ. ಗೆರ್ಟ್ರೂಡ್ ವಿಷಯದಲ್ಲಿ ನಮ್ಮ ಕೈಗೆ ಸಿಕ್ಕಿರುವುದು ಒಂದು ತೋಟ, ಮೀಸೆಯ ಮಾಲಿಗಳು, ‘ಅಪನಂಬಿಕೆ’ ಎಂಬ ಒಂದು ಸಾಲು. ಅಷ್ಟರಿಂದಲೇ ಅವಳು ಯಾರೋ ಒಬ್ಬಳಾಗಿದ್ದಳು ಎಂದು ಒಪ್ಪಿಕೊಳ್ಳಬೇಕು. ಹೊಸ ಚಿತ್ರದಲ್ಲಿ ಅವಳ 14ನೇ ವಯಸ್ಸಿನ ಫೋಟೊ ತೋರಿಸಿ ಈ ಕೆಲಸವನ್ನು ನಮ್ಮಿಂದ ಕಿತ್ತುಕೊಳ್ಳದಿದ್ದರೆ ಸಾಕು.